ಅಡಿಗೆ ತೊಂಬತ್ತನಾಲ್ಕು

ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ.
ಯಾರು ಮಂಡಿಸಿದರು, ಯಾರು ಅನುಮೋದಿಸಿದರು,
ಪರ ಎಷ್ಟು, ವಿರುದ್ಧ ಎಷ್ಟು.
ಕೆಮ್ಮು ಬರೆಯುವಂತಿಲ್ಲ.
ಕುರ್ಚಿ ಹಿಂದಕ್ಕೆ ಸರಿದ ಸದ್ದು ಬರೆಯುವಂತಿಲ್ಲ.
ಹಾಗಾಗಿ ಇದು, ಅದೇ ಹಾಳೆಯ ಬೆನ್ನಿಗೆ.

ಟ್ಯಾಮರಾಕ್ ಬೆಂಡ್ ಊರಿನ ಬಡಗಣಕ್ಕೆ
ಮುಸುಕಿನ ಜೋಳದ ಹೊಲವಿತ್ತು.
ಈಗ ಇನ್ನೂರ ಹದಿನಾಲ್ಕು ಮನೆ,
ಎಲ್ಲಕ್ಕೂ ಒಂದೇ ಬೂದು, ಒಂದೇ ಗ್ಯಾರೇಜು,
ಇನ್ನೂ ಊರುಗೋಲು ಬಿಡದ ಒಂದೊಂದು ಮೇಪಲ್ ಸಸಿ.
ಅಲ್ಲಿಗೆ ಇರುವುದು ಒಂದೇ ದಾರಿ, ಹಳೇ ಕ್ರೀಮರಿ ರಸ್ತೆ:
ಜಲ್ಲಿ, ಎರಡೂ ಬದಿಗೆ ಚರಂಡಿ,
ಹಿಮ ಕರಗಿದ ಏಪ್ರಿಲ್‌ನಲ್ಲಿ ಕಪ್ಪೆ.

ಅದಕ್ಕೀಗ ಡಾಂಬರು ಬೇಕು, ಅಂಚುಗಲ್ಲು ಬೇಕು,
ಎಡಕ್ಕೆ ತಿರುಗುವವರಿಗೆ ಬೇರೆ ಪಟ್ಟಿ ಬೇಕು, ದೀಪ ಬೇಕು.
ಬೇಕು ಎಂಬುದರಲ್ಲಿ ಊರಿಗೆ ಊರೇ ಒಂದು.
ಯಾರ ಜೇಬಿನಿಂದ ಎಂದಾಗ
ಎಲ್ಲರೂ ತಲೆ ಎತ್ತಿ ಫ್ಯಾನು ನೋಡಿದರು.

ಬಡಾವಣೆ ಕಟ್ಟಿದವರ ಕಡೆಯಿಂದ ಬಂದ ರುಡೆಕ್,
ಬೂಟಿಗೆ ಮಣ್ಣು ತಾಗದವನು, ಹೇಳಿದ:
ಒಳಗಿನ ಬೀದಿ ನಮ್ಮದು, ಹಾಕಿಯಾಯಿತು. ಹೊರಗಿನದು ಊರಿನದು.
ಖಜಾಂಚಿ ಕೇಳಿದ: ಊರು ಅಂದರೆ ಯಾರಪ್ಪ?
ಅದು ಕಾರ್ಯಸೂಚಿಯಲ್ಲಿಲ್ಲ ಎಂದು
ಅಧ್ಯಕ್ಷೆ ಸುತ್ತಿಗೆ ಕುಟ್ಟಿದಳು.

ಪಾ ಕೌ ಮೂವಾ, ಮನೆ ನಂಬರು ಮೂವತ್ತೊಂದು,
ಆಸ್ಪತ್ರೆಯ ರಾತ್ರಿಪಾಳಿಗೆ ತೊಟ್ಟ ನೀಲಿ ಅಂಗಿಯಲ್ಲೇ ಬಂದವಳು,
ಹೆಗಲ ಮೇಲೆ ನಿದ್ದೆಹೋದ ಮಗುವಿನ ಸಮೇತ ಎದ್ದಳು:
“ಬೆಲೆಯಲ್ಲೇ ರಸ್ತೆಯೂ ಸೇರಿದೆ ಅಂದಿದ್ದರು.
ನನ್ನ ಸಾಲ ಮೂವತ್ತು ವರ್ಷದ್ದು.
ಅದರಲ್ಲಿ ಯಾವ ವರ್ಷ ರಸ್ತೆಯದು?”
ರುಡೆಕ್ ಹಾಳೆ ಮಗುಚಿದ. ಆ ಕಡೆಯೂ ಏನೂ ಇರಲಿಲ್ಲ.

ಆಮೇಲೆ ಎಂಜಿನಿಯರು ಸೂತ್ರ ಓದಿದ.
ಯಾರ ನೆಲ ರಸ್ತೆಗೆ ಎಷ್ಟು ಮುಖ ಮಾಡಿದೆಯೋ ಅವರಿಗೆ ಅಷ್ಟು.
ಅಡಿಗೆ ತೊಂಬತ್ತನಾಲ್ಕು ಡಾಲರು.
ಹೊಸ ಮನೆಗಳ ಮುಖ ಒಳಗಡೆಗೆ;
ಈ ರಸ್ತೆಗೆ ತಾಗಿರುವುದು ಅವುಗಳ ಬೇಲಿಯ ಬೆನ್ನು,
ಬೆನ್ನಿಗೆ ಲೆಕ್ಕವಿಲ್ಲ.
ಮೂಲೆಮನೆ ಆರ್ಡಿಸ್ ಹೋವ್‌ಲ್ಯಾಂಡಳದು.
ಮುಂದೆ ನೂರಮೂವತ್ತು, ಪಕ್ಕಕ್ಕೆ ಎಂಬತ್ತೆರಡು.
ಎರಡೂ ಕೆನ್ನೆಗೆ ಬಿತ್ತು.

ಎಪ್ಪತ್ತೆಂಟು ವಯಸ್ಸು. ಕಾರು ಮಾರಿ ನಾಲ್ಕು ವರ್ಷ.
ಇಪ್ಪತ್ತಾರು ಚಳಿಗಾಲ ಕೌಂಟಿಯ ಹಿಮ ತಳ್ಳುವ ಗಾಡಿ ಓಡಿಸಿ
ಬೆಳಗಿನ ನಾಲ್ಕಕ್ಕೆ ಇದೇ ರಸ್ತೆಯನ್ನು
ಬಿಳುಪಿನಿಂದ ಬಿಡಿಸಿ ಕೊಟ್ಟವಳು.
ಆ ಅಡಿಗಳನ್ನು ಯಾರೂ ಕೂಡಲಿಲ್ಲ, ಕಳೆಯಲೂ ಇಲ್ಲ.
ಸಿಟ್ಟಾಗಲಿಲ್ಲ. ಪೆನ್ಸಿಲು ಕೇಳಿದಳು, ನನ್ನದನ್ನೇ ಕೊಟ್ಟೆ.
ಮೊಂಡು ಎಂದು ಗೊಣಗಿ, ಜೇಬಿನ ಚಾಕುವಿನಿಂದ ಹೆರೆದು,
ಲಕೋಟೆಯ ಬೆನ್ನ ಮೇಲೆ ಗುಣಿಸಿದಳು:
ಹತ್ತೊಂಬತ್ತು ಸಾವಿರದ ಒಂಬೈನೂರ ಇಪ್ಪತ್ತೆಂಟು.
ಕೇಳಿದ್ದು ಇಷ್ಟೇ:
“ಕಾಲುದಾರಿ ನನ್ನ ಬದಿಗೋ, ಅವರ ಬದಿಗೋ?”
ಎಂಜಿನಿಯರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ.
ಅವರ ಬದಿಗೆ.

ಪರ ಮೂರು, ವಿರುದ್ಧ ಎರಡು.
ಹದಿನೈದು ಕಂತು, ಬಡ್ಡಿ ಬೇರೆ.

ಮಾರನೆಯ ದಿನ ಬೇರೇನೋ ಹುಡುಕಲು ನೆಲಮಾಳಿಗೆಗೆ ಇಳಿದೆ.
ಐವತ್ತೆಂಟನೇ ಇಸವಿಯ ಲೆಕ್ಕದ ಪುಸ್ತಕ
ಹೀಟರಿನ ಪಕ್ಕ ಉಬ್ಬಿಕೊಂಡು ಬಿದ್ದಿತ್ತು.
ಮೂರನೇ ಬೀದಿ, ನಾನಿರುವುದೇ. ಅಡಿಗೆ ಎರಡೂಕಾಲು ಡಾಲರು.
ಸಾಲಾಗಿ ಹೆಸರುಗಳು.
ಕೆಲವನ್ನು ಗೋರಿಕಲ್ಲುಗಳಲ್ಲಿ ಓದಿದ್ದೆ, ಕೆಲವನ್ನು ಎಲ್ಲೂ ಇಲ್ಲ.
ಅವರು ಕಟ್ಟಿದ ಅಂಚುಗಲ್ಲಿಗೆ ಇಪ್ಪತ್ತು ವರ್ಷದಿಂದ
ಪುಕ್ಕಟೆ ನನ್ನ ಗಾಡಿಯ ಚಕ್ರ ಉಜ್ಜುತ್ತಿದ್ದೇನೆ.
ಒಂದು ಹೆಸರಿನ ಮುಂದೆ ನನ್ನಂಥ ಯಾವನೋ ಗುಮಾಸ್ತ
ಸಣ್ಣಕ್ಷರದಲ್ಲಿ ಬರೆದಿದ್ದಾನೆ:
ವಿಧವೆ. ಕೋಳಿ ಮಾರಿ ಕಟ್ಟಿದಳು.
ನಿಯಮದ ಪ್ರಕಾರ ಅದನ್ನು ಬರೆಯುವಂತಿರಲಿಲ್ಲ.

ಮೇಲೆ ಬಂದು ನಡಾವಳಿಗೆ ಸಹಿ ಮಾಡುವ ಮೊದಲು
ಅವಳ ಹೆಸರಿನ ಮುಂದೆ, ಅಂಚಿನಲ್ಲಿ:
ಮೂಲೆಮನೆ. ಕಾರಿಲ್ಲ.
ಪೆನ್ಸಿಲು ಹೆರೆದು ಕೊಟ್ಟಳು.