ಒಳದಾರಿ

ಟೇಪು, ಪುರಸಭೆಯ ನಕ್ಷೆ ಹಿಡಿದು
ಭಟ್ಕಳದ ಹಳೇ ಮೊಹಲ್ಲಾಕ್ಕೆ ಬಂದೆ.
ಎಡಕ್ಕೆ ಮಸೀದಿ, ಬಲಕ್ಕೆ ಏಳು ಮೆಟ್ಟಿಲ ಮನೆ,
ಮಸ್ಕತ್ತಿನ ದುಡ್ಡಲ್ಲಿ ಎದ್ದ ಮಾಳಿಗೆ,
ಬೀಟೆ ಬಾಗಿಲಿಗೆ ಹಿತ್ತಾಳೆ ಮೊಳೆ.
ಎಣಿಸಿದೆ, ಬರೆದೆ.

‘ಬೀದಿ ಬರೆದಿರಿ, ಊರು ಬರೆಯಲಿಲ್ಲ’
ಅಂದರು ಜುಲೇಖಾಬಿ, ಪರದೆಯಾಚೆಯಿಂದ.
ನಕ್ಷೆ, ಪೆನ್ಸಿಲ್ಲು ಒಳಗೆ ಹೋದವು.

ಅವರ ಅಡುಗೆಮನೆಯಿಂದ ತಂಗಿಯ ಬಾವಿಕಟ್ಟೆಗೆ,
ಅಲ್ಲಿಂದ ಬಗ್ಗಿ ದಾಟಿದರೆ ಸೂಲಗಿತ್ತಿಯ ಪಡಸಾಲೆಗೆ,
ಗೋಡೆಗೊಂದು ಗಿಡ್ಡ ಬಾಗಿಲು.
ಹನ್ನೊಂದು ಮನೆ.
ಬೀದಿಯ ಬಿಸಿಲು ತಾಗದ ಹಾಗೆ
ಮೀನುಸಾರಿನ ಬಟ್ಟಲು, ಬಾಣಂತಿಯ ಸುದ್ದಿ,
ಮುನಿಸಿನ ಮರುದಿನ ಒಂದು ಲೋಟ ಸಕ್ಕರೆ ಸಾಲ.

ನಕ್ಷೆ ಪರದೆಯಡಿ ತೂರಿ ಬಂತು.
ಒಂದು ಕಡೆ ಮಾತ್ರ ಗೆರೆ ಎಳೆದು
ಉಜ್ಜಿ ಅಳಿಸಿದ್ದರು.
‘ಇದು?’ ಎಂದೆ.

‘ಅದು ನಾನೇ ಮುಚ್ಚಿಸಿದ್ದು.
ಬರೆಯಬೇಡಿ.’