ಕೊರಳಪಟ್ಟಿ

ಅಡಿಸ್ ಅಬಾಬಾ, ೧೯೭೭

ಅಪ್ಪನಿಗೆ ಈಗ ಕೈತುಂಬ ಕೆಲಸ.
ಕೇರಿಯ ಕಾವಲುದಳಕ್ಕೆ ಖಾಕಿ, ನಲವತ್ತು ಜೊತೆ.
ಮೊದಲ ಇಪ್ಪತ್ತು ನಿನ್ನೆಯೇ ಹೋದವು.
ಪೆಡಲು ತುಳಿಯುತ್ತಾನೆ, ತಲೆ ಎತ್ತುವುದಿಲ್ಲ.
ನನ್ನನ್ನು ಹುಡುಕುವವರ ಎದೆಯಳತೆ, ತೋಳಿನಳತೆ
ಅವನ ಬಾಯಲ್ಲೇ ಇದೆ, ಗುಂಡುಸೂಜಿಗಳ ಜೊತೆ.

ಅಮ್ಮ ಕಾಫಿಬೀಜ ಹುರಿಯುತ್ತಾಳೆ.
ಹೊಗೆಯನ್ನು ಅಂಗೈಯಲ್ಲಿ ನನ್ನತ್ತ ತಳ್ಳಿ
'ಮೂರು ಸುತ್ತೂ ಕುಡಿದೇ ಏಳಬೇಕು, ಗಿಜಾಚೆವ್,
ಆಶೀರ್ವಾದ ಇರೋದು ಮೂರನೆಯದರಲ್ಲಿ' ಅನ್ನುತ್ತಾಳೆ.
ಎರಡನೆಯದಕ್ಕೇ ಗಡಿಯಾರ ನೋಡಿದೆ.
ನಾನು ನೋಡಿದ್ದನ್ನು ಅವಳು ನೋಡಿದಳು.

ವುಬಿತ್ ಟೆಲಿಫೋನ್ ಎಕ್ಸ್‌ಚೇಂಜಿನವಳು.
ಊರಲ್ಲಿ ಯಾರು ಯಾರಿಗೆ ಹೆದರುತ್ತಾರೆಂದು
ಅವಳ ಕಿವಿಗೆ ಗೊತ್ತು.
ಮೊನ್ನೆ ನೀಲಗಿರಿ ಮರಗಳ ಕೆಳಗೆ
ಕರಪತ್ರ ಓದಿ, ಮಡಿಸಿ, ವಾಪಸು ಕೊಟ್ಟಳು:
'ಜನತೆ ಅಂತ ಹದಿನಾಲ್ಕು ಸಲ ಬರೆದಿದ್ದೀಯ.
ನಿಮ್ಮಮ್ಮನ ಮಂಡಿನೋವಿಗೆ ಎಣ್ಣೆ ತಂದೆಯಾ?'
ತಂದಿರಲಿಲ್ಲ.
ಉತ್ತರವಾಗಿ ಒಂದು ಸಿದ್ಧಾಂತವಿತ್ತು ನನ್ನ ಹತ್ತಿರ.
ಹೇಳಲಿಲ್ಲ. ಅಥವಾ ಹೇಳಿದೆ.
'ಬೆಟ್ಟದಿಂದ ಫೋನು ಬರೋಲ್ಲ, ಗೊತ್ತಲ್ಲ' ಅಂದಳು.
ಅವಳ ಕೈ ತಣ್ಣಗಿತ್ತು ಎಂಬುದಷ್ಟೇ ನೆನಪು.

ನಸುಕಿಗೆ ಹೊರಡಬೇಕು. ಉತ್ತರದ ಬೆಟ್ಟ,
ಬಂದೂಕು, ಬೇರೆ ಹೆಸರು.
ಉಳಿದ ಕರಪತ್ರ ಟೆಫ್ ಹಿಟ್ಟಿನ ಮಡಕೆಯಲ್ಲಿಟ್ಟಿದ್ದೆ, ಇನ್ನೂರು.
ಕೈ ಹಾಕಿದೆ.
ಮೊಣಕೈವರೆಗೆ ಹಿಟ್ಟು, ಬರೀ ಹಿಟ್ಟು.

ಅಪ್ಪನ ಯಂತ್ರ ನಿಂತಿತು.
'ಕೊರಳಪಟ್ಟಿಯೊಳಗೆ ಇಡೋಕೆ ಗಟ್ಟಿ ಬಟ್ಟೆ ಎಲ್ಲೂ ಸಿಗ್ತಿಲ್ಲ,'
ಅಂದ, ದಾರ ಕಚ್ಚುತ್ತ.
'ಕಾಗದ ನಾಲ್ಕು ಪದರ ಅಂಟಿಸಿದರೆ ನಿಲ್ಲುತ್ತೆ.'
ಅಷ್ಟೇ. ಮತ್ತೆ ತುಳಿದ.

ನನ್ನನ್ನು ಉಳಿಸಿದನೋ, ನನ್ನ ಮಾತನ್ನು ಕತ್ತರಿಸಿದನೋ,
ಇಲ್ಲಾ, ಅವನಿಗೆ ಕಾಗದವೇ ಬೇಕಿತ್ತೋ.
ಈ ವರ್ಷ ಯಾರ ಮನೆಯಲ್ಲೂ ಯಾರೂ ಏನೂ ಕೇಳುವುದಿಲ್ಲ.
ಹಿಟ್ಟಿನ ಕೈಯಲ್ಲೇ ಮೂರನೆಯ ಬಟ್ಟಲು ಎತ್ತಿದೆ.
ನೀರು ನೀರಾಗಿತ್ತು ಆಶೀರ್ವಾದ.

ಬಸ್ಸಿನ ಬಳಿ ತಡೆದವನು ನನಗಿಂತ ಚಿಕ್ಕವನು.
ಮೀಸೆ ಬಂದಿಲ್ಲ, ಬಂದೂಕು ಬಂದಿದೆ.
ಹೊಸ ಖಾಕಿ, ಇಸ್ತ್ರಿಯ ಗೆರೆ ಇನ್ನೂ ಮುರಿದಿಲ್ಲ.
ಹೆಸರು ಕೇಳಿದ. ಬೇರೆಯದನ್ನು ಹೇಳಿದೆ.
ಅನುಮಾನದಿಂದ ಕತ್ತು ವಾಲಿಸಿದ.
ಸರಕ್ ಅಂದಿತು ಅವನ ಕೊರಳ ಸುತ್ತ
ಕಾಗದ.

ಬೆರಳು ತೂರಿಸಿ ಉಜ್ಜಿಕೊಂಡ.
'ಚುಚ್ಚುತ್ತೆ' ಅಂದ,
ನನಗಲ್ಲ, ಯಾರಿಗೋ.