ಕೈ ಮುಟ್ಟಿದರೆ ತಪ್ಪು

ಈ ಆಟಕ್ಕೆ ಇರುವುದು ಒಂದೇ ಮಡಿ:
ಚೆಂಡನ್ನು ಯಾರೂ ಕೈಯಿಂದ ಮುಟ್ಟುವಂತಿಲ್ಲ.
ಅಗ್ರಹಾರದ ಹುಡುಗನಾದರೂ ಅಷ್ಟೆ,
ಮೋರಿ ಬಳಿಯುವವನ ಮಗನಾದರೂ ಅಷ್ಟೆ.
ಮುಟ್ಟಿದರೆ ನಾನಿದ್ದೇನೆ, ಸೀಟಿ ಇದೆ.

ಇಪ್ಪತ್ತೆರಡು ವರ್ಷ ಊದಿದ್ದೇನೆ.
ವಾರವೆಲ್ಲ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ
ಬೋಗಿಗಳ ಬ್ರೇಕು ತಟ್ಟಿ,
ಭಾನುವಾರ ಬನ್ನಿಮಂಟಪದಾಚೆಯ ಬಯಲಲ್ಲಿ
ಕರಿ ಚಡ್ಡಿ ತೊಟ್ಟು.
ಮೊಣಕೈಗೆ ತಗುಲಿದ್ದು, ಭುಜ ಸವರಿದ್ದು,
ಬೇಕೆಂದೇ ಮುಟ್ಟಿದ್ದು, ತಾನಾಗಿ ಬಂದು ಮುಟ್ಟಿದ್ದು,
ಎಲ್ಲದರ ವ್ಯತ್ಯಾಸ ಬಲ್ಲೆ.
ಬೆಟ್ಟದ ಮಂಜು ಕರಗುವ ಮೊದಲೇ
ಗೆರೆಗೆ ಸುಣ್ಣ ಹಾಕಿಸುತ್ತಿದ್ದೆ.
ಸುಣ್ಣ ಹಾಕುವ ಪೆಂಚಲಯ್ಯ
ಕೆಲಸ ಮುಗಿಸಿ ಗೆರೆಯಾಚೆಗೇ ನಿಲ್ಲುತ್ತಿದ್ದ.
ಆಟ ಇಷ್ಟವಿಲ್ಲವೇನೋ ಅಂದುಕೊಂಡಿದ್ದೆ.

ಅವನ ಮಗ ಓಬುಳೇಶ.
ಹದಿನಾರು ವರ್ಷ. ಅಣ್ಣನ ಬೂಟಿನ ತುದಿಗೆ
ಹತ್ತಿ ತುರುಕಿಕೊಂಡು ಓಡುವವನು.
ಎಡಗಾಲಿಗೆ ಸಿಕ್ಕರೆ ಚೆಂಡು
ಸಾಕಿದ ನಾಯಿಮರಿಯಂತೆ ಜೊತೆಗೇ ಬರುತ್ತದೆ.
ಅವನು ಗೋಲು ಹೊಡೆದಾಗ
ಚಪ್ಪಾಳೆಯೇನೋ ಬೀಳುತ್ತಿತ್ತು.
ಹತ್ತು ಜನ ಒಬ್ಬರನ್ನೊಬ್ಬರು ತಬ್ಬುತ್ತಿದ್ದರು
ಹೊಡೆದವನೊಬ್ಬನನ್ನು ಬಿಟ್ಟು.
ಅವನು ಬಲೆಯೊಳಗಿನ ಚೆಂಡು ತೆಗೆದು
ನಡುವಿಗೆ ತಂದಿಟ್ಟು
ಅಂಗಿಯ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ.
ನಾನು ಪುಸ್ತಕ ತೆಗೆದು ಬರೆಯುತ್ತಿದ್ದೆ:
ಏಳನೇ ನಂಬರು, ಇಪ್ಪತ್ಮೂರನೇ ನಿಮಿಷ.

ಹಿಂದೆಲ್ಲ ಚೆಂಡು ಅಪ್ಪಟ ಚರ್ಮದ್ದು.
ಹೊಲಿಗೆ ಬಿಟ್ಟರೆ ಮಂಡಿ ಮೊಹಲ್ಲಾದ ಮೂಲೆಯಲ್ಲಿ
ಚಪ್ಪಲಿ ಹೊಲಿಯುವ ಮುದುಕ
ಹಲ್ಲಲ್ಲಿ ದಾರ ಕಚ್ಚಿ ಬಿಗಿದುಕೊಡುತ್ತಿದ್ದ.
ವಿಭೂತಿ ಬಳಿದ ಹಣೆ, ನಾಮ ತಿದ್ದಿದ ಹಣೆ,
ನಮಾಜಿನ ಗುರುತು ಕಟ್ಟಿದ ಹಣೆ,
ಎಲ್ಲವೂ ಎಗರಿ ಎಗರಿ ಕೊಟ್ಟವು ಅದಕ್ಕೆ.
ಯಾವ ಹಣೆಯೂ ಮೈಲಿಗೆಯಾಗಲಿಲ್ಲ.
ವಿರಾಮಕ್ಕೆ, ನೀರಿಗೆ ಬಂದಾಗ ಮಾತ್ರ
ಎಲ್ಲಿ ಅಡಗಿರುತ್ತಿತ್ತೋ, ಬಂದು ಕೂರುತ್ತಿತ್ತು.

ಆ ಭಾನುವಾರವೂ ಹಾಗೇ.
ನೀಲಿ ಜಗ್ಗು ಕೈಯಿಂದ ಕೈಗೆ ಸಾಗಿ
ಓಬುಳೇಶನ ಹತ್ತಿರ ಬಂದಾಗ ಮೇಲಕ್ಕೆದ್ದಿತು.
ಕ್ಯಾಪ್ಟನ್ ಚಿರಂತ ಎತ್ತರದಿಂದ ಸುರಿದ.
ಇವನು ಬೊಗಸೆಯೊಡ್ಡಿ ಬಗ್ಗಿದ.
ಅರ್ಧ ಗಂಟಲಿಗೆ, ಅರ್ಧ ಬೂಟಿಗೆ.
ಯಾರೂ ಕೆಟ್ಟ ಮಾತಾಡಲಿಲ್ಲ.
ಚಿರಂತ ನಗುತ್ತಲೇ ಇದ್ದ.

ನಾನು ಸೀಟಿ ಊದಿದೆ.

ಆಟವೇ ನಡೆಯುತ್ತಿಲ್ಲ, ಯಾಕೆ ಊದಿದೆನೋ!
ಎಲ್ಲ ತಿರುಗಿ ನೋಡಿದರು,
ಆಚೆ ಮೇಯುತ್ತಿದ್ದ ಟಾಂಗಾ ಕುದುರೆಯೂ.
'ಏನ್ ಸಾರ್?'
'ಫೌಲು.'
'ಯಾವ ರೂಲು ಸಾರ್ ಇದು?'
ನಿಯಮ ಹದಿನೇಳು, ಎಲ್ಲ ಬಾಯಿಪಾಠ.
ಒಂದೂ ಬಾಯಿಗೆ ಬರಲಿಲ್ಲ.
ಹಳದಿ ಕಾರ್ಡು ಎತ್ತಿದ ಕೈ
ಮುಚ್ಚಿದ ಅಂಗಡಿಯ ಬೋರ್ಡಿನಂತೆ
ಗಾಳಿಯಲ್ಲೇ ಉಳಿಯಿತು.

ಆಗ ಎದ್ದವಳು ಫರ್ಹೀನ್.
ಹುಡುಗಿ, ಓಡೋದು ಬೇಡ ಅಂತ
ಗೋಲಿಗೆ ನಿಲ್ಲಿಸಿದ್ದರು ಅವಳನ್ನು,
ಮುಟ್ಟುವ ಹಕ್ಕು ಅವಳೊಬ್ಬಳದೇ ಎಂಬುದನ್ನು ಮರೆತು.
ಹಲ್ಲಿನಿಂದ ಗ್ಲೌಸು ಎಳೆದು ಬಿಸಾಕಿ
ಜಗ್ಗು ಕಿತ್ತುಕೊಂಡು ಅವನ ಕೈಗಿಟ್ಟಳು.
'ಕಚ್ಕೊಂಡೇ ಕುಡಿ. ಆಮೇಲೆ ನಂಗೆ ಕೊಡು.'
ತಕ್ಷಣ ಕುಡಿಯಲಿಲ್ಲ ಅವನು.
ಅಪ್ಪನ ಕಡೆ ನೋಡಿದ.
ಪೆಂಚಲಯ್ಯ ಸುಣ್ಣದ ಬಕೆಟ್ಟು ಹಿಡಿದು
ಬೇರೆಲ್ಲೋ ನೋಡುತ್ತಿದ್ದ.
ಮತ್ತೆ ಆಟ ಶುರುವಾಗುವ ಹೊತ್ತಿಗೆ ಜಗ್ಗು ಖಾಲಿ.
ಯಾರ್ಯಾರು ಕುಡಿದರೋ,
ಬರೆದುಕೊಳ್ಳಲಿಲ್ಲ.

ಮುಂದಿನ ವಾರ ನಾಲ್ವರು ಬರಲಿಲ್ಲ.
ಒಬ್ಬನಿಗೆ ಟ್ಯೂಷನ್, ಒಬ್ಬನಿಗೆ ಜ್ವರ,
ಇನ್ನಿಬ್ಬರ ಅಪ್ಪಂದಿರು ಫೋನೇ ಎತ್ತಲಿಲ್ಲ.
ಏಳೇ ಜನ ಆಡಿ ಆರು ಒಂದರಲ್ಲಿ ಸೋತರು.
ಚಿರಂತ ಬಂದಿದ್ದ.
ಓಬುಳೇಶನಿಗೆ ಮುಖ ಕೊಡಲಿಲ್ಲ,
ಪಾಸು ಕೊಟ್ಟ.

ಮನೆಗೆ ಬಂದೆ.
ಹಿತ್ತಲ ಗೋಡೆಯ ಮೇಲೆ ಆ ಸ್ಟೀಲು ಲೋಟ,
ಡ್ರೈನೇಜು ತೆಗೆಯಲು ಬರುವವರಿಗೆಂದು ಇಟ್ಟದ್ದು,
ಎಷ್ಟೋ ವರ್ಷದಿಂದ ಬೋರಲು ಬಿದ್ದಿದೆ.
ಎತ್ತಿ ನೋಡಿದೆ. ಅಂಚಿನಲ್ಲಿ ಕೊರೆದ ನಮ್ಮ ಮದುವೆಯ ತಾರೀಖು,
ಪಕ್ಕದಲ್ಲಿ ನನ್ನದೇ ಹೆಸರು.
ಅದರಲ್ಲೇ ನೀರು ಹಿಡಿದು ಕುಡಿದೆ, ಕಚ್ಚಿಕೊಂಡು.
ತುಟಿಗೆ ಇಷ್ಟು ಧೂಳು.
ಅಡುಗೆಮನೆಯ ಬಾಗಿಲಲ್ಲಿ ಲಲಿತಾಂಬ
ಬಹಳ ಹೊತ್ತು ನೋಡುತ್ತ ನಿಂತಳು.
'ಮ್ಯಾಚು ಏನಾಯ್ತು?' ಅಂದಳು.
'ಹಾಫ್ ಟೈಮು' ಅಂದೆ.